ಅಡಕ: ಮರದ ಜೀಪು ಒಂದು

ವಾಹನ ಮಾರ್ಪಾಡು ಪರಿಶೀಲನಾ ಶಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ಮೇಜಿನ ಮೇಲೆ ಪೆನ್ನು ಸಿಕ್ಕಿಸಲು ಇಟ್ಟುಕೊಂಡಿರುವ ಮರದ ಜೀಪು ನನ್ನ ಗಂಡನದು. ದಯವಿಟ್ಟು ಅದನ್ನು ವಾಪಸ್ ಕೊಡಿ.

ವಿಷಯ ಇಷ್ಟೇ. ಇಷ್ಟಕ್ಕೆ ಪತ್ರಿಕೆಯ ಜಾಗ ಹಾಳುಮಾಡಬೇಕಾಗಿರಲಿಲ್ಲ. ಖಾಸಗಿಯಾಗಿಯೇ ಆರು ಅರ್ಜಿ ಕೊಟ್ಟೆ. ಆರಕ್ಕೂ ತಮ್ಮ ಕಚೇರಿಯಿಂದ ಒಂದೇ ಉತ್ತರ ಬಂತು: "ಅಡಕವನ್ನು ಹಿಂಪಡೆಯಲು ಅರ್ಜಿದಾರರು ಖುದ್ದು ಹಾಜರಾಗತಕ್ಕದ್ದು." ಅರ್ಜಿದಾರರ ಹೆಸರು ಮಧುಕುಮಾರ್. ಅವರು ತೀರಿಕೊಂಡು ಏಳು ತಿಂಗಳಾಯಿತು. ಅವರ ಮರಣ ಪ್ರಮಾಣಪತ್ರದ ಆರು ನಕಲು ತಮ್ಮ ಕಡತದಲ್ಲಿಯೇ ಇವೆ, ಒಂದೊಂದಕ್ಕೂ ತಮ್ಮ ಕಚೇರಿಯ ಸ್ವೀಕೃತಿ ಮೊಹರು ಬಿದ್ದಿದೆ. ಒಬ್ಬ ಮನುಷ್ಯ ಆರು ಸಲ ಸತ್ತರೂ ಖುದ್ದು ಬಂದು ಹೇಳದ ಹೊರತು ತಾವು ನಂಬುವುದಿಲ್ಲವೆಂದರೆ, ನಾನು ಇನ್ನಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಆತುರಕ್ಕೂ ಕಾರಣ ಇದೆ. ಹೋದ ವಾರ ತಮ್ಮ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದೀರಿ. "ವಾರಸುದಾರರಿಲ್ಲದ ಅಡಕಗಳನ್ನು ಈ ತಿಂಗಳ ಮೂವತ್ತರಂದು ವಿಲೇವಾರಿ ಮಾಡಲಾಗುವುದು." ಪಟ್ಟಿಯಲ್ಲಿ ಒಡೆದ ಹೆಡ್‌ಲೈಟು, ತುಕ್ಕು ಹಿಡಿದ ಸೈಲೆನ್ಸರು, ನಂಬರ್ ಪ್ಲೇಟುಗಳ ಕಟ್ಟು ಇವೆಲ್ಲ ಆದ ಮೇಲೆ ಹದಿನಾಲ್ಕನೆಯದಾಗಿ "ಮರದ ಗೊಂಬೆ – ೧" ಎಂದಿದೆ. ವಿಲೇವಾರಿ ಎಂದರೆ ಒಲೆಗೋ ಗುಜರಿಗೋ, ಇಲ್ಲಾ ಯಾರದಾದರೂ ಮನೆಯ ಶೋಕೇಸಿಗೋ, ಅದನ್ನು ಚೀಟಿಯಲ್ಲಿ ಬರೆದಿಲ್ಲ. ವಾರಸುದಾರರಿಲ್ಲ ಎಂದು ಮಾತ್ರ ಸ್ಪಷ್ಟವಾಗಿ ಬರೆದಿದೆ. ಆ ಚೀಟಿಯನ್ನು ವಾರಸುದಾರಳೇ ನಿಂತುಕೊಂಡು ಓದಿದಳು, ಸ್ವಾಮಿ. ಪಕ್ಕದಲ್ಲಿ ನಿಂತಿದ್ದವರು "ಏನಮ್ಮ, ನಿಮ್ದೂ ಐತಾ ಇದ್ರಲ್ಲಿ?" ಎಂದು ಕೇಳಿದರು. ಐತೆ ಅಂದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮಮತಾ, ಸರ್ಕಾರಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಇಪ್ಪತ್ತನಾಲ್ಕು ವರ್ಷದಿಂದ ಒಂಬತ್ತನೇ ತರಗತಿಗೆ ಅರ್ಜಿ ಬರೆಯುವ ಪಾಠ ಮಾಡಿಕೊಂಡು ಬಂದಿದ್ದೇನೆ: ಇವರಿಂದ, ಇವರಿಗೆ, ವಿಷಯ, ಉಲ್ಲೇಖ. ಅಕ್ಷರ ದುಂಡಗಿರಲಿ, ಮಾತು ವಿನಯವಾಗಿರಲಿ, ಸತ್ಯ ಬರೆದ ಅರ್ಜಿಗೆ ಉತ್ತರ ಬಂದೇ ಬರುತ್ತದೆ ಎಂದು ಕೊನೆಯಲ್ಲೊಂದು ಮಾತು ಸೇರಿಸುತ್ತಿದ್ದೆ. ಈ ವರ್ಷ ಆ ಕೊನೆಯ ಮಾತು ಬಿಟ್ಟುಬಿಟ್ಟೆ. ಯಾವ ಮಗುವೂ ಯಾಕೆಂದು ಕೇಳಲಿಲ್ಲ.

ನನ್ನ ಗಂಡ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು. ಬುಗುರಿ, ಗಿಲಕಿ, ತಲೆ ಅಲ್ಲಾಡಿಸುವ ಮುದುಕ, ದೊಡ್ಡಮಳೂರಿನ ದೇವಸ್ಥಾನದ ಮುಂದಿನ ಅಂಗಡಿಗಳಿಗೆ ಅಂಗೈಯಗಲದ ತೊಟ್ಟಿಲು. ಮೂವತ್ತು ವರ್ಷ ಮರ ಕಡೆಯುವ ಲೇತಿನ ಮುಂದೆ ಕೂತವರಿಗೆ ಒಂದೇ ಒಂದು ಚಟ ಇತ್ತು, ಜೀಪು. ಹದಿನೈದು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡಿಗೆ ತಂದ ಡೀಸೆಲ್ ಜೀಪು, ನಾಲ್ಕು ಚಕ್ರಕ್ಕೂ ಎಳೆತ ಇರುವಂಥದ್ದು, ಮೇಲೆ ಟಾರ್ಪಾಲು. ವಾರವೆಲ್ಲ ಅದು ಬೀದಿಯ ಬಂಡಿ. ಗೊಂಬೆಗೆ ಹಾಲೆಮರದ ದಿಮ್ಮಿ ತರುತ್ತಿತ್ತು, ಗ್ಯಾಸ್ ಸಿಲಿಂಡರ್ ಹೊರುತ್ತಿತ್ತು, ನನ್ನನ್ನು ಶಾಲೆಗೆ ಬಿಡುತ್ತಿತ್ತು, ಮಗಳು ರಮ್ಯಾಳನ್ನು ರಾಮನಗರದ ಕಾಲೇಜಿನಿಂದ ಕರೆತರುತ್ತಿತ್ತು. ಭಾನುವಾರ ಬಂದರೆ ಸಾಕು, ಅದಕ್ಕೂ ಅವರಿಗೂ ಕೊಂಬು ಮೂಡುತ್ತಿತ್ತು. ಮಾಗಡಿ ಕಡೆಯ ಬಂಡೆ, ಕನಕಪುರದ ಕಡೆಯ ಹಳ್ಳ, ಎಲ್ಲಿ ರಸ್ತೆ ಮುಗಿಯುತ್ತದೋ ಅಲ್ಲಿಂದ ಇವರ ಪ್ರಯಾಣ ಶುರು. ದಾರಿ ಇಲ್ಲದ ಕಡೆ ಯಾಕ್ರೀ ಹೋಗ್ತೀರಿ ಎಂದರೆ, "ದಾರಿ ಇರೋ ಕಡೆಗೆ ಎಲ್ರೂ ಹೋಗ್ತಾರೆ ಕಣೆ" ಎನ್ನುವರು. ಇದಕ್ಕೆ ನಾನು ಹುಚ್ಚು ಎಂದು ಹೆಸರಿಟ್ಟಿದ್ದೆ. ಈಗಲೂ ಆ ಹೆಸರು ವಾಪಸ್ ತೆಗೆದುಕೊಂಡಿಲ್ಲ.

ಎರಡು ವರ್ಷದ ಕೆಳಗೆ ಮರಳವಾಡಿ ಕಡೆಯ ಒಂದು ಹಳ್ಳದಲ್ಲಿ ಈ ಹುಚ್ಚಿಗೆ ಪೆಟ್ಟು ಬಿತ್ತು. ಜೊತೆಯ ಮೂರು ಜೀಪು ದಾಟಿದವು, ನಮ್ಮದು ನಡುನೀರಿನಲ್ಲಿ ಕೆಮ್ಮಿ ನಿಂತಿತು. ಇಂಜಿನ್ನಿನೊಳಗೆ ನೀರು ಹೋಗಿತ್ತು. ಆಚೆ ದಡದಲ್ಲಿ ರಾಗಿ ತೆನೆ ಹೊತ್ತುಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನವನು ಬಂದು ಹಗ್ಗ ಕಟ್ಟಿ ಎಳೆದ. ಎಳೆಯುವಾಗ ಸುಮ್ಮನಿದ್ದನೇ? "ಏನಣ್ಣೋ, ಜೀಪಿಗೆ ನೀರ್ ಕುಡ್ಸಕ್ಕೆ ಚನ್ನಪಟ್ಟಣದಿಂದ ಇಲ್ಗಂಟ ಬಂದ್ರಾ? ನಿಮ್ಮೂರಲ್ಲಿ ನಲ್ಲಿ ಬತ್ತಿಲ್ವಾ?" ಎಂದ. ನಾಲ್ಕು ಜನ ಮೊಬೈಲಿನಲ್ಲಿ ತೆಗೆದುಕೊಂಡರು. ಮನೆಗೆ ಬಂದ ಮೇಲೆ ಮಧು ಊಟ ಮಾಡಲಿಲ್ಲ. ಮಾರನೆಯ ದಿನದಿಂದ ಯೋಜನೆ ಶುರುವಾಯಿತು.

ಆರು ತಿಂಗಳ ಯೋಜನೆ, ಮಾನ್ಯರೇ. ಒಂದು ಮನೆ ಕಟ್ಟಲು ಅಷ್ಟು ಯೋಚಿಸಿದ್ದರೆ ನಮ್ಮ ಅಡುಗೆಮನೆ ಇವತ್ತು ಸೋರುತ್ತಿರಲಿಲ್ಲ. ನೀರಿನಲ್ಲಿ ಉಸಿರಾಡಲು ಬಾನೆಟ್ಟಿನ ಪಕ್ಕದಿಂದ ಮೇಲಕ್ಕೇರುವ ಒಂದು ಕೊಳವೆ. ಮೂವತ್ತಮೂರು ಇಂಚಿನ ಟೈರು. ಆ ಟೈರಿಗೆ ಜಾಗವಾಗಲು ಇಡೀ ಮೈಯನ್ನು ಮೂರು ಇಂಚು ಮೇಲೆತ್ತುವ ಸ್ಪ್ರಿಂಗು. ಸಿಕ್ಕಿಬಿದ್ದರೆ ತನ್ನನ್ನು ತಾನೇ ಎಳೆದುಕೊಳ್ಳಲು ಮುಂದೆ ಹಗ್ಗ ಸುತ್ತುವ ಒಂದು ವಿಂಚು. ಇನ್ನು ಟ್ರ್ಯಾಕ್ಟರಿನವನ ಮಾತು ಕೇಳಬೇಕಾಗಿಲ್ಲ. ಮಗುಚಿದರೆ ತಲೆ ಉಳಿಯಲು ಒಳಗೆ ಕಬ್ಬಿಣದ ಪಂಜರ. ಆದರೂ ಸೋಮವಾರ ಅದೇ ಜೀಪು ನನ್ನನ್ನು ಶಾಲೆಗೆ ಬಿಡಬೇಕು, ಪೇಟೆಬೀದಿಯಲ್ಲಿ ಯಾರಿಗೂ ತಗುಲದೆ ತಿರುಗಬೇಕು, ಪೊಲೀಸರು ನೋಡಿದರೆ ನಕ್ಕು ಕಳಿಸಬೇಕು. ಒಂದು ಕೂಡಿಸಿದರೆ ಇನ್ನೊಂದು ಕೆಡುತ್ತಿತ್ತು. ಎತ್ತರ ಮಾಡಿದರೆ ಓಲಾಡುತ್ತದೆ, ಭಾರ ಹೇರಿದರೆ ಬ್ರೇಕು ಸಾಲದು. ರಾಮನಗರದ ಗ್ಯಾರೇಜಿನ ಸಾಬೀರ್ ಇವರ ಬಾಲ್ಯದ ಗೆಳೆಯ, ವೆಲ್ಡಿಂಗ್ ಕೆಲಸ ಅವನದು. ಇಬ್ಬರೂ ನಮ್ಮ ಜಗುಲಿಯ ಮೇಲೆ ಕೂತು ಒಂದು ಇಂಚಿಗಾಗಿ ಒಂದು ಸಂಜೆಯಿಡೀ ಜಗಳ ಆಡುವರು. ಕಾಫಿ ತಂದುಕೊಡುವುದಷ್ಟೇ ನನ್ನ ಪಾಲು.

ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ. ಇನ್ನು ಮುಂದಿನದು ನನ್ನ ಗಂಡನ ತಪ್ಪು. ಅದನ್ನು ಮುಚ್ಚಿಡುವುದಿಲ್ಲ.

ನಮ್ಮೂರಿನ ಕಡೆಯುವವರಲ್ಲಿ ಒಂದು ಪದ್ಧತಿ ಇದೆ. ಹೊಸ ಗೊಂಬೆಗೆ ಆರ್ಡರ್ ಬಂದರೆ ಕಾಗದದ ಮೇಲೆ ಚಿತ್ರ ಬರೆಯುವುದಿಲ್ಲ. ಮೊದಲು ಒಂದೇ ಒಂದು ಮಾದರಿ ಕಡೆಯುತ್ತಾರೆ, ಬರೀ ಮರದ್ದು. ಅದಕ್ಕೆ ಅರಗು ಹತ್ತಿಸುವುದಿಲ್ಲ, ಬಣ್ಣ ಮುಟ್ಟಿಸುವುದಿಲ್ಲ. ಕೇಳಿದವರು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಹೂಂ" ಎನ್ನಬೇಕು. ಹೂಂ ಎಂದ ಮೇಲೇ ಬಣ್ಣ. ಒಪ್ಪಿಗೆಗೆ ಮುಂಚೆ ಬಣ್ಣ ಹತ್ತಿಸಿದವನನ್ನು ಅವಸರಗೇಡಿ ಎನ್ನುತ್ತಾರೆ. ಈ ಪದ್ಧತಿಯಲ್ಲಿ ಬೆಳೆದ ಮನುಷ್ಯ ಜೀಪಿನ ವಿಷಯದಲ್ಲೂ ಅದನ್ನೇ ಮಾಡಹೊರಟ. ಸಾಬೀರ್ ಬಡಕೊಂಡ: "ಲೇ ಮಧು, ತಲೆ ಕೆಟ್ಟೈತೇನ್ಲಾ ನಿಂಗೆ? ಮೊದ್ಲು ಮಾಡ್ಕೊಂಬುಡು. ಹಿಡುದ್ರೆ ದಂಡ ಕಟ್ಟುದ್ರಾಯ್ತು. ಯಾವೋನ್ಲಾ ಕೇಳ್ಕೊಂಡ್ ಮಾಡ್ತಾನೆ?" ಮಧು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಕೇಳಿ ಮಾಡುದ್ರೆ ಮರ್ವಾದೆ ಕಣ್ಲಾ. ಬ್ಯಾಡ ಅಂದ್ರೆ ಬುಟ್ಬುಡನ."

ನೋಡಿ, ಬೇಡ ಎಂದರೆ ಬಿಡಲು ಸಿದ್ಧವಿದ್ದ ಮನುಷ್ಯ. ಕಾರ್ಖಾನೆಯಿಂದ ಬಂದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದೆಂಬ ಕಾನೂನು ಅವರಿಗೂ ಗೊತ್ತಿತ್ತು, ಅದನ್ನು ತಮಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡಿದ್ದರು. ತಮ್ಮ ಕಚೇರಿಯ ಮುಂದೆಯೇ ದಿನಕ್ಕೆ ಎಷ್ಟು ಗಾಡಿ ಹೋಗುತ್ತವೆ? ಸೈಲೆನ್ಸರ್ ಬಿಚ್ಚಿ ಎದೆ ನಡುಗಿಸುವ ಬೈಕುಗಳು, ಎದುರಿನವರ ಕಣ್ಣು ಕುಕ್ಕುವ ದೀಪದ ಸಾಲು, ನಂಬರ್ ಇರಬೇಕಾದ ಜಾಗದಲ್ಲಿ ಲೀಡರನ ಹೆಸರು. ಅವರು ಯಾರೂ ತಮ್ಮನ್ನು ಕೇಳಲಿಲ್ಲ, ಆದ್ದರಿಂದ ತಾವೂ ಅವರನ್ನು ಕೇಳಲಿಲ್ಲ. ಕೇಳಿದವರು ಒಬ್ಬರೇ. ಕೇಳಿದ್ದಕ್ಕೆ ಕಡತ ತೆರೆಯಿತು, ಕಡತ ತೆರೆದ ಮೇಲೆ ಅದಕ್ಕೊಬ್ಬ ಅಪರಾಧಿ ಬೇಕಲ್ಲವೇ?

ಅರ್ಜಿಯ ಜೊತೆ ನಕ್ಷೆ ಇಡಿ ಎಂದರು ತಮ್ಮವರು. ಮಧುವಿಗೆ ನಕ್ಷೆ ಬರೆಯಲು ಬಾರದು. ಮಾದರಿ ಮಾಡಲು ಬರುತ್ತದೆ. ಎರಡು ತಿಂಗಳು ಕೂತು ಹಾಲೆಮರದಲ್ಲಿ ಜೀಪು ಮಾಡಿದರು. ಅಡಿಗೆ ಇಂಚಿನ ಲೆಕ್ಕ: ನಿಜವಾದ ಜೀಪಿನ ಒಂದು ಅಡಿ ಅಂದರೆ ಗೊಂಬೆಯಲ್ಲಿ ಒಂದು ಇಂಚು. ಬಾನೆಟ್ಟು ತೆರೆಯುತ್ತಿತ್ತು, ವಿಂಚಿಗೆ ನೂಲಿನ ಹಗ್ಗ ಸುತ್ತಿಕೊಳ್ಳುತ್ತಿತ್ತು, ಟೈರಿನ ಹಲ್ಲುಗಳನ್ನು ಒಂದೊಂದಾಗಿ ಉಳಿಯಲ್ಲಿ ಕೊರೆದಿದ್ದರು. ಒಳಗೆ ಸೀಟು, ಸೀಟಿನ ಮುಂದೆ ಅಕ್ಕಿಕಾಳಿನಷ್ಟು ಮೂರು ಪೆಡಲು. ನಾನು ಅದನ್ನು ಸರಿಯಾಗಿ ನೋಡಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಒಸಿ ನೋಡೆ" ಎಂದು ಎರಡು ಸಲ ತಂದು ಮುಂದೆ ಹಿಡಿದರು. "ಚೆನ್ನಾಗಿದೆ, ಆ ಕಡೆ ಇಡಿ, ಪೇಪರ್ ಮೇಲೆ ಮರದ ಪುಡಿ ಬೀಳುತ್ತೆ" ಎಂದೆ. ಈ ಮಾತು ನಾನೇ ಆಡಿದ್ದು. ಯಾವ ಕಚೇರಿಗೂ ದೂರು ಕೊಡಲಾಗದ ತಪ್ಪು ಅದು.

ಬಣ್ಣವಿಲ್ಲದ ಆ ಗೊಂಬೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ತಮ್ಮ ಕಚೇರಿಗೆ ಬಂದರು. ಆವಕ ವಿಭಾಗದ ಗಂಗಹನುಮಯ್ಯನವರು ಒಳ್ಳೆಯ ಮನುಷ್ಯರು, ಅವರ ಮೇಲೆ ನನ್ನದೇನೂ ದೂರಿಲ್ಲ. "ಏನ್ ಸ್ವಾಮಿ, ನಕ್ಷೆ ತನ್ನಿ ಅಂದ್ರೆ ಆಟದ ಸಾಮಾನ್ ತಂದಿದ್ದೀರಲ್ಲ!" ಎಂದು ನಕ್ಕರಂತೆ. ನಕ್ಕರೂ ಬರೆದುಕೊಂಡರು. ಸ್ವೀಕೃತಿ ಚೀಟಿ ನನ್ನ ಹತ್ತಿರ ಇದೆ: "ಅಡಕ: ಮರದ ಗೊಂಬೆ (ಜೀಪು) – ಒಂದು." ಮಧು ಆ ದಿನ ಹಬ್ಬ ಮಾಡಿದವರ ಹಾಗೆ ಮನೆಗೆ ಬಂದರು. ಮಾದರಿ ತೋರಿಸಿ ಆಯಿತು, ಇನ್ನು ಹೂಂ ಎನ್ನುವುದೊಂದು ಬಾಕಿ.

ನಾಲ್ಕು ತಿಂಗಳಿಗೆ ತಮ್ಮ ಉತ್ತರ ಬಂತು. ಅದು ಒಪ್ಪಿಗೆ ಆಗಿರಲಿಲ್ಲ, ನಿರಾಕರಣೆಯೂ ಆಗಿರಲಿಲ್ಲ. ನೋಟಿಸು. "ತಮ್ಮ ವಾಹನವು ಅನಧಿಕೃತ ಮಾರ್ಪಾಡಿಗೆ ಒಳಪಟ್ಟಿರುವುದು ಅಡಕದಿಂದ ಕಂಡುಬಂದಿದ್ದು, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು." ಇಪ್ಪತ್ತನಾಲ್ಕು ವರ್ಷ ವ್ಯಾಕರಣ ಹೇಳಿಕೊಟ್ಟವಳು ನಾನು. "ಮಾಡಬೇಕೆಂದಿದ್ದೇನೆ" ಎನ್ನುವುದನ್ನು "ಮಾಡಿದ್ದೇನೆ" ಎಂದು ಓದಿದ ಮಗುವಿಗೆ ಅಂಕ ಕಳೆಯುತ್ತೇನೆ. ತಮ್ಮಲ್ಲಿ ಅಂಥವರಿಗೆ ಬಡ್ತಿ ಕೊಡುತ್ತೀರೇನೋ, ನನಗೆ ಗೊತ್ತಿಲ್ಲ.

ಮಧು ಜೀಪು ತೊಳೆದು, ನಿಂಬೆಹಣ್ಣು ಕಟ್ಟಿ, ತಪಾಸಣೆಗೆ ತೆಗೆದುಕೊಂಡು ಬಂದರು. ಅವತ್ತು ನಾನೂ ಜೊತೆಗಿದ್ದೆ. ತಮ್ಮ ತಪಾಸಣಾಧಿಕಾರಿ ಒಂದು ಕೈಯಲ್ಲಿ ಗೊಂಬೆ ಹಿಡಿದು ಜೀಪಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. "ವಿಂಚ್ ಎಲ್ಲಿ?" "ಹಾಕಿಲ್ಲ ಸಾರ್." "ಕೊಳವೆ?" "ಅದೂ ಹಾಕಿಲ್ಲ ಸಾರ್. ನೀವು ಒಪ್ಪುದ್ರೆ ಹಾಕನ ಅಂತ." "ಓಹೋ, ಎಲ್ಲಾ ಬಿಚ್ಚಿಟ್ಟು ಬಂದಿದ್ದೀಯ." ಮಧು ನನ್ನ ಮುಖ ನೋಡಿದರು. ನಾನು ನಕ್ಕುಬಿಟ್ಟೆ, ತಮಾಷೆ ಎಂದುಕೊಂಡೆ. ತಮಾಷೆ ಆಗಿರಲಿಲ್ಲ. "ಬಿಚ್ಚಿದ್ದೇನೆ ಅಂತ ಒಂದು ಮುಚ್ಚಳಿಕೆ ಬರೆದುಕೊಡು, ಕೇಸು ಮುಗಿಸ್ತೀವಿ, ಗೊಂಬೇನೂ ತಗೊಂಡು ಹೋಗು" ಎಂದರು. ಹಾಕದೇ ಇದ್ದದ್ದನ್ನು ಬಿಚ್ಚಿದೆ ಎಂದು ಹೇಗೆ ಬರೆಯುವುದು? ಮಧು ಬರೆಯಲಿಲ್ಲ. ನಾನು ಬರೆದುಬಿಡಿ ಎಂದೆ, ಒಂದು ಸಾಲು, ಪೀಡೆ ಹೋಗಲಿ ಎಂದೆ. "ಸುಳ್ಳು ಬರ್ದುಕೊಟ್ಟು ನನ್ನ ಸಾಮಾನ್ ನಾನು ಈಸ್ಕೋಬೇಕಾ?" ಎಂದು ಜೀಪು ಹತ್ತಿದರು. ಗೊಂಬೆ ತಮ್ಮಲ್ಲೇ ಉಳಿಯಿತು.

ಅದಾದ ಎರಡು ತಿಂಗಳಿಗೆ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಲೇತಿನ ಮುಂದೆ ಕೂತ ಹಾಗೇ ಎದೆ ಹಿಡಿದುಕೊಂಡು ಹೋದರು. ಐವತ್ತೊಂದು ವಯಸ್ಸು. ನಾನು ಎಂಟನೇ ತರಗತಿಯಲ್ಲಿ ಸಂಧಿ ಪಾಠ ಮಾಡುತ್ತಿದ್ದೆ. ಇದನ್ನು ತಮ್ಮ ಕಚೇರಿಯ ತಲೆಗೆ ಕಟ್ಟುವುದಿಲ್ಲ. ಡಾಕ್ಟರು ರಕ್ತನಾಳ ಕಟ್ಟಿತ್ತು ಎಂದರು, ನಂಬಿದೆ. ಒಂದು ಗೊಂಬೆಗಾಗಿ ಯಾರೂ ಸಾಯುವುದಿಲ್ಲ ಎಂದು ನನಗೂ ಗೊತ್ತು.

ಅಂದಿನಿಂದ ನನಗೆ ಜೋಮು ಹಿಡಿದಂತಿದೆ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದಾಗ ಆಗುತ್ತದಲ್ಲ, ಹಾಗೆ. ಕಾಲು ಇದೆ ಎಂದು ಗೊತ್ತು, ನೆಲ ಇದೆ ಎಂದು ಗೊತ್ತು, ಊರಿದರೆ ಏನೂ ತಿಳಿಯುವುದಿಲ್ಲ. ನಾನು ಅಳಲಿಲ್ಲ. ಬಂದವರೆಲ್ಲ "ಅತ್ತುಬುಡವ್ವ, ಹಗೂರಾಯ್ತದೆ" ಎಂದರು. ಅಳು ಬರಲಿಲ್ಲ. ತಿಥಿ ಮುಗಿಸಿ ಮಾರನೆಯ ದಿನ ಶಾಲೆಗೆ ಹೋಗಿ ಪಾಠ ಮಾಡಿದೆ. ಊಟಕ್ಕೆ ಉಪ್ಪು ಕಡಿಮೆ ಎಂದು ರಮ್ಯಾ ಹೇಳಿದರೆ ಹಾಕುತ್ತೇನೆ, ಹೇಳದಿದ್ದರೆ ತಿಳಿಯುವುದಿಲ್ಲ. ಈ ಪತ್ರ ಬರೆಯುವಾಗಲಾದರೂ ಕೋಪ ಬಂದೀತು ಎಂದು ಕಾದು ಕೂತಿದ್ದೆ. ಇಲ್ಲಿಯವರೆಗೆ ಬಂದಿಲ್ಲ. ಓದಿದವರಿಗೆ ಕೋಪ ಬಂದರೆ ಅದು ಅವರದೇ.

ತೀರಿಕೊಂಡ ಮೂವತ್ತೆರಡನೇ ದಿನಕ್ಕೆ ಮಧುವಿನ ಹೆಸರಿಗೆ ತಮ್ಮ ಜ್ಞಾಪನ ಬಂತು: ಮುಚ್ಚಳಿಕೆ ಸಮೇತ ಖುದ್ದು ಹಾಜರಾಗತಕ್ಕದ್ದು. ಮರಣ ಪ್ರಮಾಣಪತ್ರ ಹಿಡಿದು ಮೊದಲನೇ ಸಲ ಬಂದೆ. ಆಮೇಲೆ ಐದು ಸಲ. ಈ ನಡುವೆ ಒಂದು ವಿಚಿತ್ರ ನಡೆಯಿತು, ಅದನ್ನೂ ಹೇಳುತ್ತೇನೆ. ತಮ್ಮ ಪಕ್ಕದ ಕೋಣೆಯವರು ನಿಜವಾದ ಜೀಪನ್ನು ಇಪ್ಪತ್ತು ದಿನದಲ್ಲಿ ನನ್ನ ಹೆಸರಿಗೆ ಮಾಡಿಕೊಟ್ಟರು. ಇಂಜಿನ್ನು, ಚಾಸಿ, ನಾಲ್ಕು ಚಕ್ರ, ಅಷ್ಟೂ ಕಬ್ಬಿಣ ಒಂದು ಫಾರಮ್ಮಿನಲ್ಲಿ ನನ್ನದಾಯಿತು. ಅರ್ಧ ಕೇಜಿ ತೂಗದ ಮರದ ಜೀಪು ಮಾತ್ರ ಆಗಲಿಲ್ಲ. ಯಾಕೆಂದು ಕೇಳಿದರೆ, ವಾಹನಕ್ಕೆ ವಾರಸುದಾರಿಕೆಯ ನಿಯಮ ಇದೆ, ಅಡಕಕ್ಕೆ ಇಲ್ಲ ಎಂದರು. ಅಡಕ ಕೊಟ್ಟವರೇ ಬಂದು ಸಹಿ ಹಾಕಬೇಕು. ಗಂಗಹನುಮಯ್ಯನವರು ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ತಾಯಿ, ನನ್ ಕೈಲಿದ್ದಿದ್ರೆ ಅವತ್ತೇ ಸೀರೆ ಸೆರಗಿಗೆ ಹಾಕಿ ಕಳುಸ್ಬುಡ್ತಿದ್ದೆ. ಸಾಹೇಬ್ರ ಟೇಬಲ್ ಮ್ಯಾಲೆ ಹೋಗ್ಬುಟ್ಟೈತೆ" ಎಂದರು. ಬಾಗಿಲ ಸಂದಿಯಿಂದ ನೋಡಿದೆ. ಆಯುಧಪೂಜೆಗೆ ಯಾರೋ ಅದಕ್ಕೆ ಹಸಿರು ಪೇಂಟು ಬಳಿದಿದ್ದಾರೆ. ಮಧು ಕಡೆದ ಕೊಳವೆಯ ತೂತಿನಲ್ಲಿ ಒಂದು ಕೆಂಪು ಪೆನ್ನು, ಪಂಜರದ ಸಂದಿಯಲ್ಲಿ ಎರಡು ನೀಲಿ. ತಾವು ಒಪ್ಪಿಗೆ ಕೊಡಲಿಲ್ಲ, ಬಣ್ಣ ಮಾತ್ರ ಹತ್ತಿಸಿದಿರಿ. ನಮ್ಮ ಊರಿನ ಯಾವ ಕೆಲಸಗಾರನೂ ಇಂಥದ್ದನ್ನು ಮಾಡಿದ್ದು ನಾನು ಕಂಡಿಲ್ಲ.

ಅವತ್ತೂ ನನಗೆ ಏನೂ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ. ಹೋಗಲಿ, ಒಂದು ಗೊಂಬೆ, ಪೆನ್ನು ಇಟ್ಟುಕೊಳ್ಳಲಿ ಎಂದು ಬಸ್ಸು ಹತ್ತಿದೆ. ಮಾರನೇ ಭಾನುವಾರ ಸಾಬೀರ್ ಮನೆಗೆ ಬಾರದಿದ್ದರೆ ಈ ಪತ್ರವೂ ಇರುತ್ತಿರಲಿಲ್ಲ.

ರಮ್ಯಾಳಿಗೆ ಹತ್ತೊಂಬತ್ತು. ಅಪ್ಪ ಅಂದುಕೊಂಡ ಹಾಗೇ ಜೀಪನ್ನು ಮಾಡಿಸೋಣ ಎಂದು ಹಟ ಹಿಡಿದಿದ್ದಾಳೆ. ಈ ಸಲ ಎಂಜಿನಿಯರ್ ಬರೆದ ನಕ್ಷೆ ಇಟ್ಟು, ಕ್ರಮಪ್ರಕಾರ ಅನುಮತಿ ಕೇಳಿಯೇ. ಹೌದು, ಇನ್ನೊಂದು ಸಲ ತಮ್ಮನ್ನೇ ಕೇಳುತ್ತೇವೆ, ಈ ಮನೆಯವರಿಗೆ ಬುದ್ಧಿ ಬರುವುದಿಲ್ಲ. ಅದಕ್ಕೆ ಸಾಬೀರನನ್ನು ಕರೆಸಿದಳು. ಅವನು ತಲೆ ಕೆರೆದುಕೊಂಡ. "ಅವ್ನು ಬಾಯಲ್ಲಿ ಹೇಳಿದ್ದೆಲ್ಲ ನನ್ಗೆ ಗ್ಯಾಪ್ಕ ಐತೆ ಕಣಮ್ಮ. ಬಾಯಿ ಅಳತೆಗೆ ವೆಲ್ಡಿಂಗ್ ಮಾಡಕ್ಕಾಯ್ತದಾ? ಅಳತೆ ಎಲ್ಲಾ ಆ ಮಾದರೀಲೇ ಐತೆ. ಒಪ್ಗೆ ಆದ್ಮೇಲೆ ಅದ್ರಿಂದ್ಲೇ ತಗೊಳನ ಅಂದಿದ್ದ. ಒಂದ್ ಚೀಟೀನೂ ಬರ್ದಿಲ್ಲ ಪುಣ್ಯಾತ್ಮ." ಇಷ್ಟು ಹೇಳಿ ನನ್ನ ಕಡೆ ತಿರುಗಿದ. "ಟೀಚರಮ್ಮ, ಒಂದ್ ಮಾತು. ಆ ಮಾದರೀಲಿ ಡ್ರೈವರ್ ಸೀಟು ಮುಂದಕ್ಕ್ ಬಂದಿತ್ತು. ಎತ್ರನೂ ಮಾಡಿದ್ದ. ಪೆಡ್ಲು ಹಿಂದಕ್ಕೆ ತಂದಿದ್ದ. ನಾನಂದೆ, ಏನ್ಲಾ ಮಧು, ಆರಡಿ ಮನ್ಸ ನೀನು, ಹಿಂಗ್ ಮಾಡುದ್ರೆ ನಿನ್ನ ಮಂಡಿ ಗದ್ದಕ್ಕೆ ಹೊಡೀತದೆ ಅಂತ. ನನ್ಗಲ್ಲ ಕಣ್ಲಾ ಅಂದ. ಯಾರ್ಗೆ ಅಂದ್ರೆ ನಕ್ಬುಟ್ಟ."

ರಮ್ಯಾ ಐದಡಿ ಎಂಟಿಂಚು, ಅಪ್ಪನ ಮೈಕಟ್ಟು. ಸೀಟು ಎಲ್ಲಿದ್ದರೂ ಅವಳ ಕಾಲು ಎಟಕುತ್ತದೆ. ನಮ್ಮ ಮನೆಯಲ್ಲಿ ಗಿಡ್ಡಿ ಎಂದರೆ ನಾನೊಬ್ಬಳೇ.

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು, ಬೇಸರಿಸಬೇಡಿ. ಜೀಪು ತಂದ ಹೊಸತರಲ್ಲಿ ಮಧು ನನಗೆ ಓಡಿಸಲು ಕಲಿಸುತ್ತೇನೆಂದು ಅವರ ಅಕ್ಕನ ಊರಿನ ಕಣಕ್ಕೆ ಕರೆದುಕೊಂಡು ಹೋಗಿದ್ದರು. ಕ್ಲಚ್ಚಿಗೆ ನನ್ನ ಕಾಲು ಎಟಕಲಿಲ್ಲ. ಬೆನ್ನ ಹಿಂದೆ ಎರಡು ದಿಂಬು ಕೊಟ್ಟರು. ತುದಿಗಾಲಲ್ಲಿ ಒತ್ತಿದೆ, ಕಾಲು ಜಾರಿತು, ಜೀಪು ನೆಗೆದು ಹೋಗಿ ಹುಲ್ಲಿನ ಮೆದೆಗೆ ನುಗ್ಗಿತು. ಕಣದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ಅಯ್ಯೋ, ಮೇಷ್ಟ್ರಮ್ಮನ್ಗೆ ಮಣೆ ಹಾಕ್ಕೊಡ್ರಪ್ಪೋ!" ಎಂದು ಯಾರೋ ಕೂಗಿದರು. ಮಧುವೂ ನಕ್ಕರು. ಅವರು ನಕ್ಕಿದ್ದೇ ನನಗೆ ಚುಚ್ಚಿದ್ದು. ಇಳಿದು ಬಂದವಳು ಇನ್ನು ಆ ಸೀಟಿನಲ್ಲಿ ಕೂರುವುದಿಲ್ಲ ಎಂದೆ, ಕೂರಲೂ ಇಲ್ಲ. ಹದಿನೈದು ವರ್ಷ ಎಡಗಡೆ ಸೀಟಿನಲ್ಲಿ ಟಿಫನ್ ಬಾಕ್ಸ್ ಹಿಡಿದು ಕೂತೆ. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆ.

ಈಗ ಹೇಳಿ, ಆ ಸೀಟು ಯಾರಿಗೆ? ನನಗೇ ಇರಬಹುದು. ಸಾಬೀರನ ನೆನಪು ತಪ್ಪಿರಬಹುದು. ಮರ ಸೀಳಿ ಸೀಟು ಮುಂದಕ್ಕೆ ಕೂತಿರಬಹುದು. ಪಂಜರಕ್ಕೆ ಜಾಗ ಸಾಲದೆ ಸರಿಸಿರಬಹುದು. ಎಲ್ಲವೂ ಆಗಬಹುದು. ಗೊತ್ತಾಗುವುದು ಒಂದೇ ಕಡೆ, ಅದು ತಮ್ಮ ಮೇಜಿನ ಮೇಲೆ, ಮೂವತ್ತನೇ ತಾರೀಖಿನವರೆಗೆ. ಆಮೇಲೆ ಜಗತ್ತಿನಲ್ಲಿ ಯಾರನ್ನು ಕೇಳಿದರೂ ಗೊತ್ತಾಗುವುದಿಲ್ಲ. ಏಳು ತಿಂಗಳಿನಿಂದ ನನಗೆ ಏನೂ ಬೇಕೆನಿಸಿರಲಿಲ್ಲ. ಇದೊಂದು ಬೇಕೆನಿಸಿದೆ. ಬಹಳ ಬೇಕೆನಿಸಿದೆ.

ಆದ್ದರಿಂದ ನನ್ನ ಬೇಡಿಕೆಯನ್ನು ಬದಲಿಸಿಕೊಳ್ಳುತ್ತೇನೆ. ಗೊಂಬೆ ವಾಪಸ್ ಕೊಡಿ ಎಂದು ಮೊದಲ ಸಾಲಿನಲ್ಲಿ ಬರೆದೆ. ಕೊಟ್ಟರೆ ತಮ್ಮ ಉಪಕಾರ ಮರೆಯುವುದಿಲ್ಲ. ಅಡಕ ಕಚೇರಿಯಿಂದ ಹೊರಗೆ ಹೋಗಬಾರದೆಂದು ನಿಯಮವಿದ್ದರೆ ಇರಲಿ. ಅಳತೆಪಟ್ಟಿ ಕಚೇರಿಯೊಳಗೆ ಬರಬಾರದೆಂದು ಯಾವ ನಿಯಮವೂ ಇರಲಾರದು. ಇದೇ ಇಪ್ಪತ್ತೊಂಬತ್ತನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ನಾನು, ನನ್ನ ಮಗಳು, ಸಾಬೀರ್ ಮೂವರೂ ತಮ್ಮ ಕೋಣೆಗೆ ಬರುತ್ತೇವೆ. ಅರ್ಧ ರಜೆ ಹಾಕಿದ್ದೇನೆ. ಹತ್ತು ನಿಮಿಷ ಸಾಕು. ಮುಚ್ಚಳಿಕೆ ಬೇಕಾದರೆ ಅದನ್ನೂ ಬರೆದುಕೊಡುತ್ತೇನೆ. ಇಲ್ಲದ ವಿಂಚು ಬಿಚ್ಚಿದ್ದೇವೆ, ಇಲ್ಲದ ಕೊಳವೆ ಕಿತ್ತಿದ್ದೇವೆ, ತಾವು ಹೇಳಿದ ಹಾಗೆ, ದುಂಡಗಿನ ಅಕ್ಷರದಲ್ಲಿ. ಮಧು ಬರೆಯಲಿಲ್ಲ, ನಾನು ಬರೆಯುತ್ತೇನೆ. ನನಗೆ ಅಷ್ಟು ಮರ್ಯಾದೆ ಉಳಿದಿಲ್ಲ.

ಟೈರು, ಸ್ಪ್ರಿಂಗು, ವಿಂಚಿನ ಅಳತೆಯನ್ನೆಲ್ಲ ಸಾಬೀರ್ ಬರೆದುಕೊಳ್ಳಲಿ. ನನಗೆ ಬೇಕಾದದ್ದು ಒಂದೇ. ನಿನ್ನೆ ರಮ್ಯಾ ನನ್ನನ್ನು ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಕ್ಲಚ್ ಒತ್ತುವವರ ಹಾಗೆ ಮಂಡಿ ಒಸಿ ಮಡಿಸಿ ಕಾಲು ನೀಡಲು ಹೇಳಿ, ಬೆನ್ನಿನಿಂದ ಪಾದದವರೆಗೆ ಟೇಪು ಹಿಡಿದಳು. ಮೂವತ್ತಮೂರು ಇಂಚು ಬಂತು. ಅಡಿಗೆ ಇಂಚಿನ ಲೆಕ್ಕದಲ್ಲಿ ಎರಡೂಮುಕ್ಕಾಲು. ತಮ್ಮ ಮೇಜಿನ ಮೇಲಿನ ಜೀಪಿನಲ್ಲಿ ಸೀಟಿನ ಬೆನ್ನಿನಿಂದ ಎಡಗಡೆಯ ಪೆಡಲಿಗೆ ಎರಡೂಮುಕ್ಕಾಲು ಇಂಚು ಇದೆಯೇ ಇಲ್ಲವೇ, ಅಷ್ಟನ್ನು ನೋಡಿಕೊಂಡು ಹೊರಟುಹೋಗುತ್ತೇನೆ.

ಇಂತಿ,
ಖುದ್ದು ಹಾಜರಾಗಲಾರದ ಅರ್ಜಿದಾರರ ಹೆಂಡತಿ,
ಎತ್ತರ ನಾಲ್ಕು ಅಡಿ ಹತ್ತು ಇಂಚು,
ಮಮತಾ ಮಧುಕುಮಾರ್
ಚನ್ನಪಟ್ಟಣ